ನಲವತ್ತೊಂದು ಕೆಂಪು ನಲ್ಲಿಗಳು

ಮುದ್ರಣಾಲಯದಲ್ಲಿ ಎಲ್ಲರೂ ಅವಳನ್ನು ಬಣ್ಣದಕ್ಕ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷದಿಂದ ಒಂದೇ ಕುರ್ಚಿ; ಅದರ ಎಡಗೈ ಮುರಿದೇ ಆರು ವರ್ಷವಾಗಿತ್ತು. ಮೊದಲು ಶಾಯಿ ಕಲಸುತ್ತಿದ್ದವಳು, ಆಮೇಲೆ ಕಂಪ್ಯೂಟರಿನಲ್ಲಿ ಬೇರೆಯವರು ಬರೆದ ಚಿತ್ರಗಳ ಬಣ್ಣ ಬದಲಿಸುವುದನ್ನು ಕಲಿತಳು. ಸೋಪಿನ ಪೊಟ್ಟಣದ ನೀಲಿಯನ್ನು ನೇರಳೆ ಮಾಡುವುದು, ಪಕ್ಷ ಬಿಟ್ಟ ಮುಖಂಡನ ಶಾಲಿಗೆ ಹೊಸ ಪಕ್ಷದ ಬಣ್ಣ ತುಂಬುವುದು. ಶಾಲಿಗೆ ಅವಳಿಗೆ ಎರಡು ನಿಮಿಷ ಬೇಕಾಗುತ್ತಿತ್ತು. ಮುಖಂಡನಿಗೆ ಅಷ್ಟೂ ಬೇಕಾಗಿರಲಿಲ್ಲ.

ಇಂಥ ಚಿತ್ರಗಳಲ್ಲಿ ಒಂದು ಅನುಕೂಲವಿದೆ. ಪರದೆಯ ಪಕ್ಕದಲ್ಲಿ ಬಣ್ಣದ ಚೌಕಗಳ ಸಾಲು ಇರುತ್ತದೆ. ಯಾವ ಆಕಾರ ಯಾವ ಚೌಕಕ್ಕೆ ಸೇರಿದ್ದು ಎಂದು ಒಮ್ಮೆ ಗಂಟು ಹಾಕಿಟ್ಟರೆ ಸಾಕು, ಚೌಕದ ಬಣ್ಣ ಬದಲಿಸಿದ ಕೂಡಲೇ ಸಾವಿರ ಕಡೆ ಒಂದೇ ಏಟಿಗೆ ಬದಲು. ಉಳಿದವರು ಚೌಕಗಳಿಗೆ ಕೆಂಪು, ಹಸಿರು ಎಂದು ಹೆಸರಿಡುತ್ತಾರೆ. ಬಣ್ಣದಕ್ಕ ಮಾತ್ರ ಬಣ್ಣ ಏನನ್ನು ಹೇಳುತ್ತದೋ ಆ ಹೆಸರಿಡುತ್ತಿದ್ದಳು. ಬಣ್ಣ ಇವತ್ತು ಇರುತ್ತದೆ, ನಾಳೆ ಹೋಗುತ್ತದೆ ಎಂಬುದು ಅವಳ ಲೆಕ್ಕಾಚಾರ.

ಒಂದು ದಿನ ನೀರು ಸರಬರಾಜು ಕಚೇರಿಯಿಂದ ಬೀದಿ ನಲ್ಲಿಗಳ ನಕ್ಷೆ ಬಂತು, ಬೀದಿಬೀದಿಯ ಗೋಡೆಗೆ ಅಂಟಿಸಲು. ಕುಡಿಯಬಹುದಾದ ನಲ್ಲಿ ಹಸಿರು. ಪ್ರಯೋಗಾಲಯ ಬೇಡವೆಂದ ನಲವತ್ತೊಂದು ನಲ್ಲಿ ಕೆಂಪು. ಆ ನೀರನ್ನು ಕುದಿಸಿದರೂ ದೋಷ ಹೋಗುವುದಿಲ್ಲ. ಬಣ್ಣದಕ್ಕ ಕೆಂಪಿನ ಚೌಕಕ್ಕೆ ‘ಕುಡಿಯಬಾರದು’ ಎಂದು ಹೆಸರಿಟ್ಟು, ಒಂದೊಂದೇ ನಲ್ಲಿಯನ್ನು ಅದಕ್ಕೆ ಸೇರಿಸುತ್ತ ಹೋದಳು. ಇಪ್ಪತ್ತಾರನೆಯದು ತಂಗಿ ನಡೆಸುವ ಶಿಶುವಿಹಾರದ ಬಾಗಿಲ ಮುಂದಿನದು. ಇಪ್ಪತ್ತೆರಡು ಮಕ್ಕಳು ಕುಡಿಯುವ ನೀರು. ಊಟ ಬಿಟ್ಟು ತಂಗಿಗೆ ಫೋನು ಮಾಡಿದಳು. ಅಂದಿನಿಂದ ತಂಗಿ ಎರಡು ಬೀದಿ ಆಚೆಯಿಂದ ಕೊಡ ಹೊರತೊಡಗಿದಳು.

ಮೂರನೆಯ ದಿನ ಕಚೇರಿಯ ಅಧಿಕಾರಿ ಬಂದು ಅವಳ ಬೆನ್ನ ಹಿಂದೆ ನಿಂತರು. ಮೇಲಿನವರು ತಪಾಸಣೆಗೆ ಬರುವವರಿದ್ದರು.

“ಕೆಂಪು ಜಾಸ್ತಿ ಆಯ್ತಮ್ಮ. ಜನ ಗಾಬರಿ ಆಗ್ತಾರೆ. ಸ್ವಲ್ಪ ಹಿತವಾಗಿ ಮಾಡಿ.”

ಗುಲಾಬಿ ಮಾಡಿದಳು. ಅದರಲ್ಲಿ ಇನ್ನೂ ರಕ್ತ ಕಾಣುತ್ತಿದೆಯಂತೆ. ಕಿತ್ತಳೆ ಬೆಂಕಿಯಂತಿದೆಯಂತೆ. ಹಳದಿ ಕಾಯಿಲೆಯಂತಿದೆಯಂತೆ. ಕೊನೆಗೆ ಅವರೇ ಪರದೆಯ ಮೇಲೆ ಬೆರಳೊತ್ತಿ ತಿಳಿಹಸಿರನ್ನು ಆರಿಸಿದರು. ನಲವತ್ತೊಂದು ನಲ್ಲಿಯ ಜೊತೆಗೆ ಮೂಲೆಯ ಸೂಚಿಯೂ ಬದಲಾಯಿತು: ಹಸಿರಾದರೆ ಕುಡಿಯಿರಿ, ತಿಳಿಹಸಿರಾದರೆ ಕುಡಿಯಬೇಡಿ. ಅಡ್ಡಗೋಡೆಯ ಮೇಲೆ ದೀಪ ಇಡುವುದೆಂದರೆ ಇದೇ. ಒಂದು ನಲ್ಲಿಯ ರಿಪೇರಿಗೆ ಮೂರು ವರ್ಷ ತೆಗೆದುಕೊಳ್ಳುವ ಕಚೇರಿ ನಲವತ್ತು ನಿಮಿಷದಲ್ಲಿ ಊರಿನ ನೀರನ್ನೆಲ್ಲ ಶುದ್ಧ ಮಾಡಿ, ಚಹಾ ಕುಡಿದು ಹೊರಟಿತು. ಚಹಾಕ್ಕೆ ಬಾಟಲಿ ನೀರು ತರಿಸಲಾಗಿತ್ತು.

ಮರುದಿನ ಬೆಳಿಗ್ಗೆ ಮೊದಲು ಇದೇ ಅಚ್ಚಾಗಬೇಕೆಂದು ಮುದ್ರಣಾಲಯದ ಯಜಮಾನರು ಹೇಳಿದರು. ಊರ ಉಸಾಬರಿ ನಿನಗ್ಯಾಕೆ, ನಿನ್ನ ತಂಗಿಗಂತೂ ಹೇಳಿದ್ದೀಯಲ್ಲ ಎಂದು ರಾತ್ರಿ ಮನೆಯಲ್ಲಿ ಗಂಡ ಸಮಾಧಾನ ಮಾಡಿದ. ಅದೇ ಸಮಾಧಾನವನ್ನು ಅವಳು ತಂಗಿಗೆ ಫೋನಿನಲ್ಲಿ ಒಪ್ಪಿಸಿದಳು. ತಂಗಿ ಕೇಳಿದಳು:

“ಈ ಮಕ್ಕಳಿಗೆ ನೀನಿದ್ದೀಯ ಅಕ್ಕ, ಸರಿ. ಉಳಿದ ನಲವತ್ತು ನಲ್ಲಿಯವರಿಗೆಲ್ಲ ನಿನ್ನಂಥ ಅಕ್ಕ ಎಲ್ಲಿಂದ ಬರ್ತಾಳೆ?”

ಬೆಳಿಗ್ಗೆ ಬಣ್ಣದಕ್ಕ ಎಲ್ಲರಿಗಿಂತ ಮೊದಲು ಬಂದು, ‘ಕುಡಿಯಬಾರದು’ ಎಂಬ ಆ ಒಂದು ಚೌಕ ಒತ್ತಿ, ಕೆಂಪು ತುಂಬಿ, ಅಚ್ಚಿಗೆ ಕಳಿಸಿದಳು. ಆರುನೂರು ಹಾಳೆ ಅಚ್ಚಾದವು. ಯಜಮಾನರು ಎಣಿಸಿದರು, ನೋಡಲಿಲ್ಲ. ಅಂಟಿಸುವವರು ಗೋಂದು ನೋಡಿದರು, ಬಣ್ಣ ನೋಡಲಿಲ್ಲ. ಜನ ಮಾತ್ರ ನೋಡಿದರು, ಫೋಟೋ ತೆಗೆದು ನೆಂಟರಿಷ್ಟರಿಗೆಲ್ಲ ಕಳಿಸಿದರು.

ಮಧ್ಯಾಹ್ನ ಬಂದ ಅಧಿಕಾರಿಯ ಮುಖ ನಕ್ಷೆಗಿಂತ ಕೆಂಪಾಗಿತ್ತು. ಯಾರು ಹೇಳಿದ್ದು ಎಂದು ಕೇಳಿದ್ದಕ್ಕೆ ಬಣ್ಣದಕ್ಕ, ಯಾರೂ ಹೇಳಿಲ್ಲ, ನಾನೇ ಮಾಡಿದ್ದು ಎಂದಳು. ನಾಳೆಯಿಂದ ಬರಬೇಡ ಎಂದರು ಯಜಮಾನರು. ಕೈ ಮುರಿದ ಕುರ್ಚಿಯನ್ನು ಮೇಜಿನೊಳಗೆ ಸರಿಸಿ, ಊಟದ ಡಬ್ಬಿ ತೆಗೆದುಕೊಂಡು ಅವಳು ಹೊರಟಳು.

ಇನ್ನಾದರೂ ಕಚೇರಿ ನೀರನ್ನು ಸರಿಮಾಡುತ್ತದೆ ಎಂದುಕೊಂಡವರಿಗೆ ಕಚೇರಿಗಳ ಪರಿಚಯವಿಲ್ಲ. ನಕ್ಷೆ ಕಿತ್ತರೆ ಸುದ್ದಿಯಾಗುತ್ತದೆ, ನೀರು ಶುದ್ಧ ಮಾಡಲು ಕಡತ ಏಳಬೇಕು. ಹೀಗಾಗಿ ನಲವತ್ತೊಂದು ನಲ್ಲಿಗೂ ಹಸಿರು ಬಣ್ಣ ಬಳಿಯಬೇಕೆಂದು ಆದೇಶವಾಯಿತು. ವಾರದೊಳಗೆ ಒಬ್ಬ ಪೇಂಟರ್ ಡಬ್ಬ, ಬ್ರಶ್ಶು ಹಿಡಿದು ಶಿಶುವಿಹಾರದ ನಲ್ಲಿಗೂ ಬಂದ. ಕೆಲಸವಿಲ್ಲದ ಬಣ್ಣದಕ್ಕ ತಂಗಿಯ ಜೊತೆ ಕೊಡ ಹೊತ್ತು ಬರುತ್ತಿದ್ದಳು.

“ಬಳಿಯಪ್ಪ, ನಿನ್ನ ಹೊಟ್ಟೆಪಾಡು, ಬೇಡ ಅನ್ನಲ್ಲ,” ಎಂದು ಕೊಡ ಇಳಿಸಿದಳು. ಒಳಗಿನಿಂದ ಲೋಟ ತಂದು ನಲ್ಲಿಗೆ ಹಿಡಿದು ತುಂಬಿಸಿ ಅವನ ಮುಂದೆ ಚಾಚಿದಳು. “ಮೊದಲು ಇದನ್ನ ಕುಡಿ. ಆಮೇಲೆ ಬಳಿ.”

ಅವನು ಲೋಟ ನೋಡಿದ, ಗೋಡೆಯ ಮೇಲಿನ ನಕ್ಷೆ ನೋಡಿದ, ಕಿಟಕಿಯಲ್ಲಿ ಸಾಲಾಗಿ ನಿಂತು ಇಣುಕುತ್ತಿದ್ದ ಮಕ್ಕಳನ್ನು ನೋಡಿದ. ಡಬ್ಬದ ಮುಚ್ಚಳವನ್ನು ಹಿಮ್ಮಡಿಯಿಂದ ಒತ್ತಿ ಮುಚ್ಚಿದ.

“ಬೆಳಿಗ್ಗೆಯಿಂದ ಗಂಟಲು ಒಣಗಿದೆ ಅಕ್ಕ,” ಎಂದ. “ಒಳ್ಳೆ ನೀರು ಯಾವ ಬೀದೀಲಿ ಸಿಗುತ್ತೆ?”