ಅಜ್ಜಿಯ ಅಮ್ಮ ಕಲಿಸಿದ ಗಂಟು

ಆ ಮಧ್ಯಾಹ್ನ ಜಗಲಿಯಲ್ಲಿ ನಾವು ನಾಲ್ಕು ಜನ ಇದ್ದೆವು. ಕಂಬಕ್ಕೆ ಒರಗಿ ಕಾಲು ಚಾಚಿಕೊಂಡ ಅಜ್ಜಿ. ಅವಳ ತಮ್ಮ, ನಮಗೆಲ್ಲ ಚಿಕ್ಕಜ್ಜ, ಹಂಚಿನ ಕಾರ್ಖಾನೆಯ ಕೆಲಸ ಬಿಟ್ಟು ವರ್ಷಗಳಾದರೂ ಉಗುರಿನ ಸಂದಿಯ ಕೆಂಪು ಮಣ್ಣು ಹೋಗದವರು. ಬುಟ್ಟಿ ಇಳಿಸಿ ಮೆಟ್ಟಿಲಲ್ಲಿ ಕುಳಿತು ಎಲೆ ಅಡಿಕೆ ಹಾಕುತ್ತಿದ್ದ ಕುದ್ರೋಳಿಯ ಮೀನಿನ ಹೆಂಗಸು. ಮತ್ತು ಹದಿನಾರು ತುಂಬಿದ್ದ ನಾನು. ಮಾತೆಲ್ಲ ತುಳುವಿನಲ್ಲಿ ನಡೆದದ್ದು, ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ನಮ್ಮ ಮನೆ ಗುಡ್ಡದ ಮೇಲಿನ ಮಿಶನ್ ಕಂಪೌಂಡಿನೊಳಗೆ ಇತ್ತು. ಬಿಸಿಲು ಏರಿದಾಗ ಕೆಳಗಿನ ತೆಂಗಿನ ತಲೆಗಳ ಆಚೆ ಕಡಲು ಒಂದು ಬಿಳಿಯ ಗೆರೆಯಾಗಿ ಕಾಣುತ್ತಿತ್ತು. ಅದು ಕಡಲೋ ಆಕಾಶವೋ ಎಂದು ಹೇಳಲಾಗುತ್ತಿರಲಿಲ್ಲ.

ಚಿಕ್ಕಜ್ಜ ಅಂಗಿಯ ಜೇಬಿನಿಂದ ಒಂದು ಚೀಟಿ ತೆಗೆದರು. ಇಗರ್ಜಿಯ ಹಳೆಯ ದಾಖಲೆ ಪುಸ್ತಕದಲ್ಲಿ ತಮ್ಮ ತಾಯಿಯ ಬಗ್ಗೆ ಬರೆದದ್ದನ್ನು ನೋಡಿ ನಕಲು ಮಾಡಿಕೊಂಡು ಬಂದಿದ್ದರು. ಅಜ್ಜಿ ಎಷ್ಟೋ ವರ್ಷಗಳಿಂದ ಪೀಡಿಸುತ್ತಿದ್ದ ಕೆಲಸ ಅದು.

"ಕಡಲ ಕಡೆಯ ಹುಡುಗಿ. ಪ್ರಾಯ ಸುಮಾರು ಹದಿನಾಲ್ಕು. ತಂದೆ ತಾಯಿ ತಿಳಿಯದು. ಅಷ್ಟೇ ಉಂಟು ಅಕ್ಕ."

"ಇನ್ನೊಮ್ಮೆ ಓದು."

"ಇನ್ನೊಮ್ಮೆ ಓದಿದರೆ ಹೆಚ್ಚಾಗ್ತದಾ?"

ಅಜ್ಜಿಯ ಅಮ್ಮ ನಮ್ಮವರಲ್ಲಿ ಮೊದಮೊದಲು ದೀಕ್ಷಾಸ್ನಾನ ಪಡೆದವರ ಪೈಕಿ. ಆ ಕಾಲದ ಕಟ್ಟುನಿಟ್ಟು ಈಗಿನವರು ಊಹಿಸಲಾರರು. ತಲೆಗೆ ಹೂವಿಲ್ಲ, ಮೂಗಿಗೆ ಬೊಟ್ಟಿಲ್ಲ, ಯಕ್ಷಗಾನದ ಆಟ, ಭೂತದ ಕೋಲ ನೋಡಲಿಕ್ಕಿಲ್ಲ, ಭಾನುವಾರ ಒಲೆಯ ಮುಂದೆ ಹೆಚ್ಚು ಹೊತ್ತು ನಿಲ್ಲಲಿಕ್ಕೂ ಇಲ್ಲ. ಹಿಂದಿನ ಜೀವನದ ಮಾತು ತೆಗೆಯಬಾರದು ಎಂದು ಪಾದ್ರಿಗಳು ಹೇಳಿಕೊಟ್ಟಿದ್ದರಂತೆ. ಉಳಿದವರು ಗುಟ್ಟಾಗಿ ಆಡಿಕೊಳ್ಳುತ್ತಿದ್ದರು. ಇವಳು ಮಾತ್ರ ಸಾಯುವವರೆಗೂ ಆ ಮಾತು ಪಾಲಿಸಿದಳು. ಅವಳ ಮೌನದ ಜಾಗವನ್ನು ಬೇರೆಯವರು ತುಂಬಿದರು. ಹೆಂಗಸರ ಕೂಟದಲ್ಲಿ ಅಜ್ಜಿಗೆ ಸಣ್ಣಂದಿನಿಂದಲೇ ಒಂದು ಹೆಸರು ಇತ್ತು: ದಾರಿಯಲ್ಲಿ ಸಿಕ್ಕಿದವಳ ಮಗಳು.

ಅಜ್ಜಿಗೆ ಬೇಕಾದದ್ದು ಜಾತಿಯೂ ಅಲ್ಲ, ಮನೆತನವೂ ಅಲ್ಲ. ಅವಳು ಎಪ್ಪತ್ತು ವರ್ಷ ಒಂದೇ ಪ್ರಶ್ನೆ ಹೊತ್ತುಕೊಂಡಿದ್ದಳು. "ಅಮ್ಮ ಅವಳಾಗಿಯೇ ಬಂದದ್ದಾ, ಅಲ್ಲ ಯಾರಾದರೂ ಬೇಡ ಅಂತ ಬಿಟ್ಟು ಹೋದದ್ದಾ? ಅಷ್ಟು ಗೊತ್ತಾದರೆ ಸಾಕು ನನಗೆ, ಕಣ್ಣು ಮುಚ್ಚಬಹುದು."

ಹೀಗೆ ಹೇಳುತ್ತ ಅವಳ ಕೈ ಸುಮ್ಮನಿರಲಿಲ್ಲ. ಹಾಲಿನ ಪಾತ್ರೆ ತೂಗುಹಾಕುವ ಸಿಕ್ಕ ಎಂಬ ನೆಲುವಿನ ಹಗ್ಗ ಹರಿದಿತ್ತು. ಅದನ್ನು ಮಡಿಲಲ್ಲಿ ಇಟ್ಟುಕೊಂಡು ಗಂಟು ಹಾಕುತ್ತಿದ್ದಳು. ಹಗ್ಗವನ್ನು ಬೆರಳಿಗೆ ಎರಡು ಸುತ್ತು ಹಾಕಿ, ತುದಿಯನ್ನು ಹಿಂದಿನಿಂದ ತಂದು, ಸುತ್ತಿನ ಹೊಟ್ಟೆಯೊಳಗೇ ನುಂಗಿಸಿ ಎಳೆಯುವ ಗಂಟು. ನಮ್ಮ ಮನೆಯಲ್ಲಿ ಪರದೆಯ ದಾರದಿಂದ ಬಾವಿಯ ಹಗ್ಗದವರೆಗೆ ಎಲ್ಲದಕ್ಕೂ ಅದೇ.

ಮೀನಿನ ಹೆಂಗಸು ಎಲೆ ಜಗಿಯುವುದನ್ನು ನಿಲ್ಲಿಸಿದಳು. "ಅಮ್ಮ, ಈ ಗಂಟು ನಿಮಗೆ ಯಾರು ಹೇಳಿಕೊಟ್ಟದ್ದು?"

"ನನ್ನ ಅಮ್ಮ. ಎಂತಕ್ಕೆ?"

"ಇದು ನನ್ನ ತಾಯಿಮನೆಯ ಗಂಟು."

ಚಿಕ್ಕಜ್ಜ ನಕ್ಕರು. "ಗಂಟಿಗೂ ಮನೆ ಉಂಟಾ ಮಾರಾಯ್ತಿ?"

"ಉಂಟು ಮತ್ತೆ! ಇಲ್ಲದಿದ್ದರೆ ನಮ್ಮ ಬಲೆ ನಮಗೆ ಗುರ್ತ ಸಿಗುವುದು ಹೇಗೆ?"

ಆಮೇಲೆ ಅವಳು ಬಿಡಿಸಿ ಹೇಳಿದಳು. ದಡಕ್ಕೆ ಎಳೆಯುವ ದೊಡ್ಡ ಬಲೆ ಒಬ್ಬರದಲ್ಲ. ಒಂದೊಂದು ಮನೆಯ ಹೆಂಗಸರು ಸಣಬಿನ ನೂಲು ಹೊಸೆದು ಒಂದೊಂದು ತುಂಡು ಹೆಣೆಯುತ್ತಾರೆ, ತುಂಡುಗಳನ್ನೆಲ್ಲ ಸೇರಿಸಿದರೆ ಬಲೆ. ಮಳೆಗಾಲಕ್ಕೆ ಬಲೆ ಬಿಚ್ಚಿದಾಗ ಯಾರ ತುಂಡು ಯಾರದೆಂದು ಅಂಚಿನ ಗಂಟು ನೋಡಿ ಗುರುತಿಸುತ್ತಾರೆ. ಮೀನಿನ ಪಾಲು ಸಹ ತುಂಡಿನ ಲೆಕ್ಕದಲ್ಲೇ. ಗಂಟು ಅಮ್ಮನಿಂದ ಮಗಳಿಗೆ ಹೋಗುತ್ತದೆ, ಸೊಸೆಗೆ ಸಹ ಕಲಿಸುವುದಿಲ್ಲ.

ಅಜ್ಜಿ ಸಿಕ್ಕವನ್ನು ಕೆಳಗಿಟ್ಟಳು. "ನಿನ್ನ ತಾಯಿಮನೆ ಎಲ್ಲಿ?"

"ಕೂಳೂರು ಹೊಳೆ ದಾಟಿ, ಕಡಲ ಬದಿಗೆ."

ಮುಂದಿನ ವಾರವೇ, ದಾರಿ ತೋರಿಸಲು ಮೀನಿನ ಹೆಂಗಸನ್ನೂ ಕರೆದುಕೊಂಡು ಹೊರಟೆವು. ಹಂಪನಕಟ್ಟೆಯಿಂದ ಎತ್ತಿನ ಗಾಡಿ. ಚಿಕ್ಕಜ್ಜ ಇಗರ್ಜಿಗೆ ಹಾಕುವ ಕೋಟು ಹಾಕಿಕೊಂಡು, ಕೊಡೆ ಹಿಡಿದು, ದಾರಿಯುದ್ದಕ್ಕೂ ಗೊಣಗಿದರು. "ಒಂದು ಗಂಟಿನ ಹಿಂದೆ ಹೋಗ್ತಾ ಇದ್ದೇವೆ. ಯಾರಾದರೂ ಕೇಳಿದರೆ ಎಂತ ಹೇಳುವುದು?" ಕೂಳೂರಿನಲ್ಲಿ ಆಗ ಸೇತುವೆ ಇರಲಿಲ್ಲ, ಕಡವಿನ ದೋಣಿ. ಹೊಳೆ ಅಲ್ಲಾಡದೆ ಮಲಗಿತ್ತು. ಅದರ ಮೇಲೆ ಬೆಳಗಿನ ಮಂಜು ಎದ್ದು ಆಚೆ ದಡ ಕಾಣದಾಗಿ, ನಾವು ಎಲ್ಲಿಗೂ ಹೋಗುತ್ತಿಲ್ಲ, ದಡವೇ ನಿಧಾನವಾಗಿ ನಮ್ಮ ಕಡೆ ಬರುತ್ತಿದೆ ಎಂದು ನನಗೆ ಕಂಡಿತು. ಹದಿನಾಲ್ಕರ ಹುಡುಗಿಯೊಬ್ಬಳು ಇದೇ ನೀರಿನ ಮೇಲೆ ಎದುರು ದಿಕ್ಕಿಗೆ ಬರುತ್ತಿರುವಂತೆ, ನಮ್ಮನ್ನು ದಾಟಿ ಮಂಜಿನೊಳಗೆ ಹೋದಂತೆ ಅನಿಸಿ ನಾನು ತಿರುಗಿ ನೋಡಿದ್ದು ಸಹ ನೆನಪಿದೆ. ಅಜ್ಜಿ ಸೆರಗಿನ ತುದಿಗೆ ಅದೇ ಗಂಟು ಹಾಕುತ್ತ, ಬಿಚ್ಚುತ್ತ ಕುಳಿತಿದ್ದಳು.

ಮರಳಿನಲ್ಲಿ ನಡೆದು ಮನೆ ಮುಟ್ಟಿದೆವು. ಮುಳಿಹುಲ್ಲು ಹೊದಿಸಿದ ಮಾಡು, ಅಂಗಳದ ತುಂಬ ಒಣಗಲು ಹಾಕಿದ ಬೂತಾಯಿ ಮೀನು. ಆ ಮನೆಯ ಯಜಮಾನ್ತಿ, ಮೀನಿನ ಹೆಂಗಸಿನ ದೊಡ್ಡಮ್ಮ, ಚಾಪೆ ಹಾಸಿ ಬೆಲ್ಲ ನೀರು ಕೊಟ್ಟಳು. ಅಜ್ಜಿಗಿಂತಲೂ ಹಿರಿಯಳು. ಕಣ್ಣು ಮಂಜಾಗಿತ್ತು, ಬೆರಳು ಚುರುಕಾಗಿತ್ತು. ಅಜ್ಜಿಯ ಸೆರಗಿನ ಗಂಟನ್ನು ತಡವಿ ನೋಡಿ, "ಹೌದು, ನಮ್ಮದೇ," ಎಂದಳು.

"ನಿಮ್ಮ ಮನೆಯಿಂದ ಯಾರಾದರೂ ಹೆಣ್ಣು ಹೋದದ್ದು ಉಂಟಾ?" ಅಜ್ಜಿಯ ದನಿ ಸಣ್ಣದಾಗಿತ್ತು.

"ನನ್ನ ಅಮ್ಮನ ಅಕ್ಕ. ನಾನು ಹುಟ್ಟುವ ಮೊದಲಿನ ಮಾತು. ಬುಟ್ಟಿ ಹೊತ್ತು ಪೇಟೆಗೆ ಹೋದವಳು ಬರಲೇ ಇಲ್ಲ. ಹೊಳೆಗೆ ಬಿದ್ದಳು ಅಂತ ಕೆಲವರು, ಹಡಗಿನವರು ಕೊಂಡುಹೋದರು ಅಂತ ಕೆಲವರು. ನನ್ನ ಅಜ್ಜಿ ಮಾತ್ರ ಒಪ್ಪಲಿಲ್ಲ. ಅವಳ ತುಂಡು ಬಿಚ್ಚಬೇಡಿ, ಬರ್ತಾಳೆ ಅಂತ."

ಅಟ್ಟದಿಂದ ಅದನ್ನು ಇಳಿಸಿದರು. ಒಲೆಯ ಹೊಗೆ ಕುಡಿದು ಕುಡಿದು ಕಪ್ಪಾಗಿದ್ದ, ಮೊಳದಷ್ಟು ಉಳಿದಿದ್ದ ಬಲೆ. ಯಜಮಾನ್ತಿ ಅದರ ಅಂಚನ್ನು ಅಜ್ಜಿಯ ಸೆರಗಿನ ಬದಿಗೆ ಹಿಡಿದಳು. ನಾನು ಬಗ್ಗಿ ನೋಡಿದೆ. ಗಂಟು ಅದೇ. ಆದರೆ ಅಜ್ಜಿಯದು ಬಲಕ್ಕೆ ಸುತ್ತಿತ್ತು, ಬಲೆಯದು ಎಡಕ್ಕೆ.

"ಅವಳು ಎಡಚಿ," ಎಂದಳು ಯಜಮಾನ್ತಿ. "ಆ ಒಂದು ತುಂಡು ಮಾತ್ರ ಹೀಗೆ. ನಿಮ್ಮದು ನಮ್ಮ ಎಲ್ಲರ ಹಾಗೆ ಉಂಟು. ಇದೇ ಬದಿಯಲ್ಲಿ ಇನ್ನೂ ಎರಡು ಮನೆ ಉಂಟು, ಅಕ್ಕತಂಗಿಯರ ಮನೆ, ಅವರದ್ದೂ ಇದೇ ಗಂಟು."

ಅಜ್ಜಿಯ ಮುಖ ಇಳಿದುಹೋಯಿತು. ಅಕ್ಕನನ್ನು ಅಷ್ಟು ಮುದುಕಿಯಾಗಿ ತಾವು ಯಾವತ್ತೂ ನೋಡಿರಲಿಲ್ಲ ಎಂದು ಚಿಕ್ಕಜ್ಜ ಆಮೇಲೆ ಹೇಳುತ್ತಿದ್ದರು. ಅವಳು ಸೆರಗಿನ ಗಂಟನ್ನು ಮತ್ತೊಮ್ಮೆ ತಿರುಗಿಸಿ ನೋಡಿದಳು. "ನನಗೆ ಅಮ್ಮ ಎದುರು ಕೂತು ಕಲಿಸಿದ್ದು. ಕನ್ನಡಿಯಲ್ಲಿ ನೋಡಿದ ಹಾಗೆ ಕಲಿತೆ ನಾನು. ಅವಳ ಎಡ ನನಗೆ ಬಲ ಆಗ್ತದಲ್ಲ?"

"ಆಗ್ತದೆ. ಅವಳು ಎಡಚಿಯಾಗಿದ್ದರೆ," ಎಂದಳು ಯಜಮಾನ್ತಿ. "ನಿಮ್ಮ ಅಮ್ಮ ಎಡಚಿಯಾ?"

ಅಜ್ಜಿ ಕಣ್ಣು ಮುಚ್ಚಿ ಅಮ್ಮನ ಕೈಗಳನ್ನು ಕಾಣಲು ನೋಡಿದಳು. ನೆನಪಾಗಲಿಲ್ಲ. ಬಡಿಸುವುದು, ಹೊಲಿಯುವುದು, ಎಲ್ಲ ಬಲಗೈಯಲ್ಲೇ. ಮಿಶನ್ನಿನ ಹುಡುಗಿಯರ ಮನೆಯಲ್ಲಿ ಬೆಳೆದವಳಿಗೆ ಎಡಗೈಯಲ್ಲಿ ಸೂಜಿ ಹಿಡಿಯಲು ಯಾರು ಬಿಟ್ಟಾರು? ಸುಳ್ಳು ಹೇಳಲು ಅಜ್ಜಿಗೆ ಬರುತ್ತಿರಲಿಲ್ಲ.

ಆಗ ಚಿಕ್ಕಜ್ಜ ಕೊಡೆಯನ್ನು ಗೋಡೆಗೆ ಒರಗಿಸಿ, ಗಂಟಲು ಸರಿಮಾಡಿಕೊಂಡರು. "ಅಮ್ಮ ನನಗೆ ಹೊಡೆಯುವಾಗ ಪೆಟ್ಟು ಯಾವಾಗಲೂ ಈ ಕೆನ್ನೆಗೆ ಬೀಳ್ತಿತ್ತು," ಎಂದು ತಮ್ಮ ಬಲಗೆನ್ನೆ ಮುಟ್ಟಿ ತೋರಿಸಿದರು. "ಎದುರು ನಿಂತು ಹೊಡೆದರೆ ಬಲಗೆನ್ನೆಗೆ ಬೀಳುವುದು ಯಾವ ಕೈ?"

ಮೀನಿನ ಹೆಂಗಸು ಗಾಳಿಯಲ್ಲಿ ಕೈ ಬೀಸಿ ನೋಡಿದಳು. ಮೊದಲು ಬಲಗೈ, ಮತ್ತೆ ಎಡಗೈ. "ಎಡಗೈ!" ಎಂದು ಕೂಗಿದಳು.

ಯಜಮಾನ್ತಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಸೂಜಿಗೆ ಬಲಗೈ ಕಲಿಸಬಹುದು, ಸಿಟ್ಟಿಗೆ ಯಾರು ಕಲಿಸ್ತಾರೆ?" ಅವಳು ತಡವಿ ಅಜ್ಜಿಯ ಕೈ ಹಿಡಿದುಕೊಂಡಳು. "ಹಾಗಾದರೆ ನೀನು ನನಗೆ ತಂಗಿ ಆಗ್ಬೇಕು. ಕೇಳು ತಂಗೀ, ಅವಳನ್ನು ಯಾರೂ ಬಿಡ್ಲಿಲ್ಲ. ಅವಳ ಅಮ್ಮ ಸಾಯುವವರೆಗೂ ಮುಚ್ಚಂಜೆಗೆ ಹೊಳೆಬದಿಗೆ ಹೋಗಿ ದೋಣಿ ನೋಡಿ ಬರ್ತಿದ್ದರಂತೆ."

ಅಜ್ಜಿ ಅತ್ತದ್ದನ್ನು ನಾನು ನೋಡಿದ್ದು ಆ ಒಂದು ಸಲ. ಸದ್ದಿಲ್ಲದೆ, ಬೆಲ್ಲದ ತುಂಡು ಇನ್ನೂ ಬಾಯಲ್ಲಿರುವಾಗಲೇ.

ಮೀನಿನ ಹೆಂಗಸು ತಾಯಿಮನೆಯಲ್ಲೇ ಉಳಿದಳು. ಹಿಂತಿರುಗುವಾಗ ದೋಣಿಯ ಮುಂದುಗಡೆ ಅಜ್ಜಿ ಕೂತಳು, ಹಿಂದೆ ನಾನು ಮತ್ತು ಚಿಕ್ಕಜ್ಜ. ನಾನು ಮೆಲ್ಲನೆ ಕೇಳಿದೆ. "ಚಿಕ್ಕಜ್ಜ, ನಿಜವಾಗಿ ಬಲಗೆನ್ನೆಗೇ ಬೀಳ್ತಿತ್ತಾ?"

ಅವರು ನೀರು ನೋಡುತ್ತ, "ಎಂತ ಗೊತ್ತು ಮಾರಾಯ್ತಿ," ಎಂದರು. "ಅರುವತ್ತು ವರ್ಷ ಹಿಂದಿನ ಪೆಟ್ಟು. ಅಕ್ಕನ ಮುಖ ನೋಡಿದೆ, ಕೆನ್ನೆ ನೆನಪಾಯಿತು."

ಇಷ್ಟು ವರ್ಷ ಕಳೆದ ಮೇಲೂ ಅದರಾಚೆ ನನಗೆ ಏನೂ ತಿಳಿಯದು. ದಾಖಲೆ ಪುಸ್ತಕದಲ್ಲಿ ಆ ಸಾಲು ಹಾಗೆಯೇ ಇದೆ. ಹೊಳೆಯ ಮೇಲೆ ಎದುರು ಬಂದ ಆ ಹುಡುಗಿಯ ಮುಖ ಮಂಜಿನಲ್ಲಿ ನನಗೆ ಪೂರ್ತಿ ಕಂಡಿರಲಿಲ್ಲ.

ಆ ವರ್ಷ ಮಳೆ ನಿಂತು, ಮೊದಲ ಬಲೆ ಎಳೆದ ದಿನ, ಮೀನಿನ ಹೆಂಗಸು ಎಂದಿಗಿಂತ ಮುಂಚೆ ಗುಡ್ಡ ಹತ್ತಿ ಬಂದಳು. ಬುಟ್ಟಿ ಇಳಿಸಲಿಲ್ಲ. ಮಡಿಲಿನಿಂದ ಬಾಳೆ ಎಲೆಯ ಪೊಟ್ಟಣ ತೆಗೆದು ಅಜ್ಜಿಯ ಮುಂದೆ ಇಟ್ಟಳು. "ದೊಡ್ಡಮ್ಮ ಕಳಿಸಿದ್ದು. ಅಟ್ಟದ ತುಂಡನ್ನು ಈ ಸಲ ಬಲೆಯ ಒಂದು ಬದಿಗೆ ಕಟ್ಟಿಸಿದ್ದಾರೆ. ಇದು ಅದರ ಪಾಲು."

ಬಂಗುಡೆ ಇತ್ತು. ನನ್ನ ಅಮ್ಮನಿಗೆ ಮುಟ್ಟಲು ಬಿಡದೆ ಅಜ್ಜಿಯೇ ಕತ್ತಿಮಣೆಯ ಮುಂದೆ ಕುಳಿತು ಕೊಯ್ದಳು, ಅವಳೇ ಸಾರು ಮಾಡಿದಳು. ಮಧ್ಯಾಹ್ನ ಮನೆಯವರಿಗೆಲ್ಲ ಒಂದೊಂದು ಬಡಿಸಿದಳು. ಚಿಕ್ಕಜ್ಜನ ಮನೆಗೆ, ಅವರೊಬ್ಬರಿಗೇ ಎಂದು ಹೇಳಿ, ಎರಡು ಕಳಿಸಿದಳು.