ಅಕ್ಕನ ಮಗಳ ಸಹಾಯಧನ

ದೋಣಿ ಮಗುಚಿ ಭಾವ ತೀರಿಹೋದರು. ಮರುವರ್ಷ ಕಾಮಾಲೆಯಲ್ಲಿ ಅಕ್ಕನೂ ಹೋದಳು. ಅವರ ಒಬ್ಬಳೇ ಮಗಳನ್ನು ನಾನು ಸಾಕಿದೆ ಎಂದು ಊರವರು ಹೇಳುತ್ತಾರೆ. ಆ ಮಾತು ನನಗೆ ಹಿಡಿಸುವುದಿಲ್ಲ. ಅವಳು ಹುಟ್ಟಿದ್ದೇ ಕಿರಿಮಂಜೇಶ್ವರದ ನಮ್ಮ ಮನೆಯಲ್ಲಿ. ನಮ್ಮದು ಅಳಿಯಕಟ್ಟು, ಮನೆಯ ಹೆಣ್ಣಿನ ಮಕ್ಕಳೇ ಮನೆಗೆ ವಾರಸು. ಹಾಗೆ ನೋಡಿದರೆ ಮನೆ ಅವಳದು, ನಾನು ಅದರಲ್ಲಿ ದುಡಿಯುವವನು.

ನಾಲ್ಕನೇ ಕ್ಲಾಸಿಗೇ ಬಲೆ ಹಿಡಿದವನು ನಾನು. ಅವಳಾದರೂ ಹೈಸ್ಕೂಲು ಮುಗಿಸಲಿ ಎಂದು ಆಸೆ. ಆದರೆ ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ. ತಂದೆತಾಯಿ ಇಲ್ಲದ ಮಕ್ಕಳಿಗೆ ಸರ್ಕಾರದಿಂದ ತಿಂಗಳು ತಿಂಗಳು ಸಹಾಯಧನ ಬರುತ್ತದೆಂದು ಅಂಗನವಾಡಿ ಟೀಚರು ಹೇಳಿದರು. ಯಾರ ಮುಂದೆಯೂ ಕೈಯೊಡ್ಡಿದವನಲ್ಲ ನಾನು. ಇದು ಮಗುವಿನ ಹಕ್ಕು ಎಂದು ಮನಸ್ಸಿಗೆ ಹೇಳಿಕೊಂಡು, ಅವಳನ್ನೂ ಕರೆದುಕೊಂಡು ಕುಂದಾಪುರದ ಬಸ್ಸು ಹತ್ತಿದೆ.

ಕಚೇರಿಯಲ್ಲಿ ಮೇಜಿನ ಆಚೆಗಿದ್ದವರು ಕೇಳಿದರು, "ಇವಳನ್ನ ನೋಡ್ಕಂಬರ್ ಯಾರ್?"

"ಅದೆಂತ ಕೇಣ್ತ್ರಿ? ನಮ್ಮನಿ ಹೆಣ್ಣಲ್ದಾ! ಮನಿಯೇ ಇವ್ಳದ್ದ್" ಎಂದೆ, ಎದೆಯುಬ್ಬಿಸಿ.

ಅವರು ಪೆನ್ನು ಕೆಳಗಿಟ್ಟರು. "ಹ್ವಾಯ್, ಮನಿಯೂ ಇತ್ತ್, ಮಾವನೂ ಇದ್ರ್ ಅಂದ್ರೆ ಸರ್ಕಾರ ಎಂತಕ್ಕ್ ಕೊಡ್ಕ್? ನಿಮ್ಮ ಅಳಿಯಕಟ್ಟ್ ಇಲ್ಲಿ ನಡುದಿಲ್ಲೆ ಮಾರಾಯ್ರೆ. ಯಾರೂ ಇಲ್ಲೆ ಅಂದ್ರೆ ಮಾತ್ರ ಸಿಕ್ಕತ್ತ್."

"ಇಪ್ಪ ಮಾವನ್ನ ಇಲ್ಲೆ ಅಂಬ್ದ್ ಹ್ಯಾಂಗೆ?" ಎಂದು ನಾನು ಎದ್ದೆ.

ಅಷ್ಟರಲ್ಲಿ ಹುಡುಗಿ ಬಾಯಿಬಿಟ್ಟಳು. "ಇವ್ರ್ ಬಸ್ಸಂಗೆ ಕರ್ಕಂಡ್ ಬಂದದ್ದ್ ಅಷ್ಟೇ. ನಂಗ್ ಯಾರೂ ಇಲ್ಲೆ ಸಾರ್."

ಅವರು ನನ್ನ ಮುಖ ನೋಡಿದರು. ನಾನು ಗೋಡೆ ನೋಡಿದೆ. ಅವರು ಬರೆದುಕೊಂಡರು.

ವಾಪಸ್ಸು ಬರುವಾಗ "ಬೇಜಾರಾಯ್ತಾ ಮಾವಾ? ಬರೀ ಸುಳ್ಳ್ ಹೇಳ್ದದ್ದಲ್ದಾ!" ಎಂದು ಅವಳು ನಕ್ಕಳು. ನಾನೂ ನಕ್ಕೆ.

ಸಹಾಯಧನ ಬಂತು. ಬಸ್ಸಿಗೆ, ಪುಸ್ತಕಕ್ಕೆ ಆಯಿತು, ಅಷ್ಟೇ. ಆದರೆ ವರ್ಷಕ್ಕೊಮ್ಮೆ ಅವಳೇ ಹೋಗಿ ನಿಂತು ಯಾರೂ ಇಲ್ಲ ಎಂಬ ಅದೇ ಮಾತು ಹೇಳಿ ಬರಬೇಕಿತ್ತು. ಎರಡನೇ ವರ್ಷ ಬಸ್ಸಿನಲ್ಲಿ ಅವಳು ನಗಲಿಲ್ಲ. ಮೂರನೇ ವರ್ಷ ನನ್ನನ್ನು ಹೊರಗೇ ನಿಲ್ಲಲು ಹೇಳಿದಳು.

ಆ ವರ್ಷವೇ ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಮೊದಲೆಲ್ಲ ನನ್ನ ಮಗನ ಬಟ್ಟಲಿಗೇ ಕೈ ಹಾಕಿ ಬಂಗುಡೆ ಕಸಿದು ಜಗಳ ಕಾಯುತ್ತಿದ್ದವಳು, ಅಂದು ತಲೆ ತಗ್ಗಿಸಿ ನನ್ನ ಹೆಂಡತಿಯನ್ನು ಕೇಳಿದಳು, "ಅತ್ತೆ, ಇನ್ನೊಂದ್ ತುಂಡ್ ತಕಣ್ಲಾ?"

"ಎಂತ ಹೆಣೆ ಇದ್? ನಿನ್ನ ಮನಿಯಂಗೆ ನೀನ್ ಕೇಣುದಾ?" ಎಂದು ಹೆಂಡತಿ ಗದರಿದಳು.

ಮೀನಿನ ಪಾತ್ರೆ ಹುಡುಗಿಯ ಕೈಯಳತೆಯಲ್ಲೇ ಇತ್ತು. ಆದರೂ ಅತ್ತೆ ಬಡಿಸುವ ತನಕ ಕಾದಳು.