ಅವರ ಕೆಮ್ಮು, ನನ್ನ ಅಡುಗೆ

ನಮ್ಮ ಮನೆಯವರಿಗೆ ಕೆಮ್ಮು ಹತ್ತಿಕೊಂಡದ್ದು ಅದಿರಿನ ಪ್ಲಾಟಿಗೆ ಕೆಲಸಕ್ಕೆ ಸೇರಿದ ಎರಡನೇ ಬೇಸಿಗೆಯಲ್ಲಿ. ಪಾಪಿನಾಯಕನಹಳ್ಳಿಯಲ್ಲಿ ನಮ್ಮ ಮನೆ ರಸ್ತೆಗೆ ಅಂಟಿಕೊಂಡೇ ಇತ್ತು. ಸಂಡೂರಿನ ಗುಡ್ಡಗಳಿಂದ ಬರುವ ಲಾರಿಗಳು ಹಗಲು ರಾತ್ರಿ ಬಾಗಿಲ ಮುಂದೆಯೇ ಹಾಯುತ್ತಿದ್ದವು. ಅವು ಅದಿರು ತಂದು ಸುರಿಯುವ ಪ್ಲಾಟು ಊರ ಹೊರಗೆ. ಇವರು ಅಲ್ಲಿ ಸೂಪರ್‌ವೈಸರ್. ಸುರಿಯುವಾಗಲೂ ಪಕ್ಕದಲ್ಲಿ ನಿಲ್ಲಬೇಕು, ತುಂಬುವಾಗಲೂ ನಿಲ್ಲಬೇಕು. ಸಂಜೆ ಮನೆಗೆ ಬಂದರೆ ಅದಿರಿನ ಧೂಳಿಗೆ ಕಣ್ಣಿನ ರೆಪ್ಪೆಯೂ ಕೆಂಪು. ಮೂಗು ಒರೆಸಿಕೊಂಡ ಟವೆಲ್ಲೂ ಕೆಂಪು.

ಹೊಸಪೇಟೆಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ. ಎಕ್ಸ್‌ರೇ ನೋಡಿ, ಸದ್ಯಕ್ಕೆ ಹೆದರುವಂಥದ್ದೇನಿಲ್ಲ ಅಂದರು. ಆಮೇಲೆ ನಿಧಾನಕ್ಕೆ ಬಿಡಿಸಿ ಹೇಳಿದರು. ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಮೈಯೊಳಗೂ ಹಾಳಾಗುವುದು ನಡೆದೇ ಇರುತ್ತದೆಯಂತೆ. ಅದನ್ನು ತಡೆಯುವ ಆಂಟಿಆಕ್ಸಿಡೆಂಟನ್ನು ಮೈ ತಾನೇ ತಯಾರಿಸಿಕೊಳ್ಳುತ್ತದೆಯಂತೆ, ಆದರೆ ಅದಕ್ಕೆ ಬೇಕಾದ ಸಾಮಾನು ನಾವು ಕೊಡಬೇಕಂತೆ. ಬೆಳ್ಳುಳ್ಳಿ, ಉಳ್ಳಾಗಡ್ಡಿ, ಕೋಸು, ಸೊಪ್ಪು, ಬೇಳೆ ತಿನ್ನಬೇಕು. ಬೀಡಿ ಬಿಡಬೇಕು, ಕರಿದದ್ದು ಕಡಿಮೆ ಮಾಡಬೇಕು, ದಿನಾ ನಡೆಯಬೇಕು, ನಿದ್ದೆ ಚೆನ್ನಾಗಿ ಆಗಬೇಕು. ಇಷ್ಟನ್ನೂ ಇವರಿಗೆ ಹೇಳಿ ಕೊನೆಗೆ ನನ್ನ ಕಡೆ ತಿರುಗಿದರು.

“ಇನ್ನ ಎಲ್ಲಾ ನಿಮ್ಮ ಕೈಯಾಗೈತಿ ನೋಡಮ್ಮ.”

ಡಾಕ್ಟರು ಒಳ್ಳೆಯ ಮನುಷ್ಯ, ಒಳ್ಳೆಯ ಮಾತನ್ನೇ ಹೇಳಿದ್ದರು. ಆದರೆ ಮನೆಗೆ ಬಂದು ಹೇಳಿದಾಗ ಆ ಒಂದು ಮಾತನ್ನು ನಮ್ಮ ಅತ್ತೆ ಗಟ್ಟಿಯಾಗಿ ಹಿಡಿದುಕೊಂಡರು. ಅಂದಿನಿಂದ ಮಗ ಕೆಮ್ಮಿದಾಗಲೆಲ್ಲ ಅವರ ಕಣ್ಣು ಒಲೆಯ ಕಡೆ ಹೋಗುತ್ತಿತ್ತು.

ಹಿತ್ತಲಲ್ಲಿ ರಾಜಗಿರಿ ಸೊಪ್ಪು ಹಾಕಿದ್ದೆ. ಕೊಯ್ದು ನೀರಿಗೆ ಹಾಕಿದರೆ ಬೋಗುಣಿ ತುಂಬ ಕೆಂಪು ರಾಡಿ. ಎಷ್ಟು ತೊಳೆದರೂ ಹಲ್ಲಿಗೆ ಮಣ್ಣು ಸಿಗುತ್ತಿತ್ತು. ನುಗ್ಗೆ ಗಿಡದ್ದೂ ಅದೇ ಪಾಡು. ಹಿತ್ತಲ ಆಸೆ ಬಿಟ್ಟು ತವರುಮನೆ ಮೆಟ್ರಿಯಿಂದ ತರತೊಡಗಿದೆ. ಕಾಲುವೆ ನೀರಿಗೆ ಬೆಳೆದ ಮೆಂತ್ಯ, ಪುಂಡಿಪಲ್ಯ, ಎಳೆ ನುಗ್ಗೆಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕಂಪ್ಲಿಯಲ್ಲಿ ಒಂದು ಬಸ್ಸು, ಹೊಸಪೇಟೆಯಲ್ಲಿ ಇನ್ನೊಂದು ಬಸ್ಸು ಹತ್ತಿ ಬರುತ್ತಿದ್ದೆ. ಬೆಳ್ಳುಳ್ಳಿ ಜಜ್ಜಿ ಸ್ವಲ್ಪ ಹೊತ್ತು ಬಿಟ್ಟು ಒಗ್ಗರಣೆಗೆ ಹಾಕುತ್ತಿದ್ದೆ. ಎಣ್ಣೆ ಕಡಿಮೆ ಮಾಡಿದೆ. ಜೋಳದ ರೊಟ್ಟಿಯ ಪಕ್ಕ ಹಸಿ ಉಳ್ಳಾಗಡ್ಡಿ ತಪ್ಪುತ್ತಿರಲಿಲ್ಲ. ಇವರು ಬೀಡಿಯನ್ನೂ ಬಿಟ್ಟರು, ಸುಳ್ಳು ಹೇಳಬಾರದು.

ಉಳಿದದ್ದು ಹೇಗೆ ಆಗಬೇಕು? ಮಲಗಿದರೆ ಪ್ಲಾಟಿನಿಂದ ಫೋನು. ನಡೆಯೋಣವೆಂದರೆ ಊರಿಗಿದ್ದದ್ದು ಒಂದೇ ದಾರಿ, ಅದು ಲಾರಿಗಳದ್ದು. ಕೆಮ್ಮು ಇದ್ದಷ್ಟೇ ಇತ್ತು.

ಇವರ ಅಕ್ಕ ಕಮಲಾಪುರದಿಂದ ಬಂದವರು ಮೊದಲು ಅಡುಗೆಮನೆಗೆ ಹೋಗಿ ಪಾತ್ರೆಗಳ ಮುಚ್ಚಳ ತೆಗೆದು ನೋಡಿದರು.

“ಬಳ್ಳೊಳ್ಳಿ ಕರ್ರಗ ಹುರಿದಿಯಲ್ಲ. ಹಿಂಗ ಮಾಡಿದ್ರ ಅದರಾಗ ಏನು ಉಳೀತೈತಿ? ನನ್ನ ತಮ್ಮ ಹೆಂಗಾಗ್ಯಾನ ನೋಡು.”

ನಾನು ಒಂದೊಂದೇ ಪಾತ್ರೆಗೆ ಮತ್ತೆ ಮುಚ್ಚಳ ಹಾಕಿದೆ. ಮನೆ ಮುಂದೆ ಲಾರಿ ಹಾಯ್ದು ಪಡಸಾಲೆಗೆ ಧೂಳು ನುಗ್ಗಿದಾಗ ಆಕೆ ಸೆರಗಿನಿಂದ ಮೂಗು ಮುಚ್ಚಿಕೊಂಡರು, ಅದೂ ನನ್ನನ್ನು ಬೈಯುತ್ತಲೇ.

ಆ ವರ್ಷ ಇವರು ಜ್ವರ ಬಂದು ಮಲಗಿದಾಗ ಪ್ಲಾಟಿನ ಸಾಹುಕಾರರು ನೋಡಲು ಬಂದರು. ಜೊತೆಗೆ ಬೆಲ್ಲದ ದೊಡ್ಡ ಪೆಂಟೆ. ಮಂಚದ ಮೇಲೆ ಕುಳಿತು ನನಗೆ ಹೇಳಿದರು.

“ಊಟದ ಕಡೆ ಸ್ವಲ್ಪ ಲಕ್ಷ್ಯ ಇಡ್ರಿ ಅಕ್ಕಾರ. ದಿನಾ ಬೆಲ್ಲ ತಿನಿಸ್ರಿ, ಧೂಳೆಲ್ಲಾ ಇಳಿದು ಹೋಗತೈತಿ.”

ಅಷ್ಟು ದಿನ ನುಂಗಿದ್ದೆಲ್ಲ ಬಾಯಿಗೆ ಬಂತು.

“ಬೆಲ್ಲ ನಾವ ತಂದುಕೊಂತೀವ್ರಿ. ನೀವು ಪ್ಲಾಟಿಗೆ ನೀರು ಹೊಡಸ್ರಿ. ಲಾರಿ ಮ್ಯಾಲೆ ತಾಡಪತ್ರಿ ಹೊದಸ್ರಿ. ನಾನು ಸೊಪ್ಪು ಹಾಕೂದು ಒಂದು ಹೊಟ್ಟಿಗೆ, ನೀವು ಧೂಳು ಹಾಕೂದು ಇಡೀ ಊರಿಗೆ.”

ಸಾಹುಕಾರರು ನಕ್ಕಂತೆ ಮಾಡಿ ಎದ್ದು ಹೋದರು. ಇವರು ಜ್ವರದಲ್ಲೇ ಎದ್ದು ಕೂತರು.

“ನನ್ನ ಕೆಲಸಕ್ಕ ಕಲ್ಲು ಹಾಕಬೇಕಂತ ಮಾಡಿಯೇನ?”

“ಕೆಲಸ ಉಳೀಲಿ. ನೀವು ಉಳೀತೀರೇನು ನೋಡ್ರಿ ಮೊದಲ.”

ಅತ್ತೆ ನಡುವೆ ಬಂದು ಆ ಬೆಲ್ಲವನ್ನು ದೇವರ ಪ್ರಸಾದವೇನೋ ಎನ್ನುವಂತೆ ಎತ್ತಿ ಒಳಗಿಟ್ಟರು. ನನಗೆ ಅದನ್ನು ರಸ್ತೆಗೆ ಎಸೆಯಬೇಕೆನ್ನಿಸಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಇವರನ್ನು ಕೆಲಸದಿಂದ ತೆಗೆದರು. ಬೈದು ತೆಗೆಯಲಿಲ್ಲ. “ನಿಮ್ಮ ಆರೋಗ್ಯ ನೋಡ್ಕೊಳ್ರಿ, ನಮಗ ಅದ ಮುಖ್ಯ” ಅಂದರಂತೆ. ನನ್ನ ಮಾತಿಗೆ ತೆಗೆದರೋ, ಅದಿರು ಕೊಳ್ಳಲು ಬಂದವರ ಮುಂದೆ ಸೂಪರ್‌ವೈಸರ್ ಕೆಮ್ಮುತ್ತಾನೆಂದು ತೆಗೆದರೋ, ಇಂದಿಗೂ ಗೊತ್ತಿಲ್ಲ. ಅತ್ತೆಯ ಲೆಕ್ಕದಲ್ಲಿ ಅದಕ್ಕೂ ನಾನೇ ಕಾರಣ. ಮೊದಲು ನನ್ನ ಕೈ ಸರಿಯಿರಲಿಲ್ಲ, ಈಗ ನಾಲಿಗೆ.

ನಾವಿಬ್ಬರೂ ಮೆಟ್ರಿಗೆ ಹೋದೆವು. ಇವರು ನನ್ನ ತಮ್ಮನ ಗದ್ದೆಗೆ ನೀರು ಕಟ್ಟುತ್ತಿದ್ದರು, ಬೆಳಿಗ್ಗೆ ಕಾಲುವೆ ಏರಿಯ ಮೇಲೆ ನಡೆಯುತ್ತಿದ್ದರು. ಕತ್ತಲಾದ ಮೇಲೆ ಯಾರೂ ಫೋನು ಮಾಡುತ್ತಿರಲಿಲ್ಲ. ನಾನು ಹಾಕುತ್ತಿದ್ದದ್ದು ಅದೇ ಸೊಪ್ಪು, ಅದೇ ಬೆಳ್ಳುಳ್ಳಿ, ಅದೇ ರೊಟ್ಟಿ. ಬರುಬರುತ್ತ ಕೆಮ್ಮು ಇಳಿಯಿತು. ಪೂರ್ತಿ ಹೋಗಲಿಲ್ಲ, ಚಳಿ ಬಿದ್ದರೆ ಈಗಲೂ ಬರುತ್ತದೆ. ಕಂಪ್ಲಿಯ ರೈಸ್ ಮಿಲ್ಲಿನಲ್ಲಿ ಕೆಲಸ ಸಿಗುತ್ತಿತ್ತು. ತೌಡಿನ ಧೂಳು ಬ್ಯಾಡವೇ ಬ್ಯಾಡ ಎಂದು ನಾನೇ ತಡೆದು ಕಿರಾಣಿ ಅಂಗಡಿಗೆ ಸೇರಿಸಿದೆ.

ನಂತರ ಹೊಸಪೇಟೆಯ ಒಂದು ಮದುವೆಯಲ್ಲಿ ಇವರ ಅಕ್ಕ ಸಿಕ್ಕು, ಎಲ್ಲರೆದುರು ನನ್ನ ಬೆನ್ನು ತಟ್ಟಿದರು.

“ಸೊಪ್ಪು ತಿನಿಸಿ ತಿನಿಸಿ ನನ್ನ ತಮ್ಮನ್ನ ಉಳಿಸಿಕೊಂಡಿ ನೋಡವ್ವ.”

“ಅಲ್ಲೂ ಅದ ಸೊಪ್ಪು ತಿನಿಸಿದ್ದೆ ರೀ” ಅಂದೆ.

“ಹೊಗಳಿದ್ರೂ ಸಿಟ್ಟೇನ ನಿನಗ?”

ಸಿಟ್ಟೇ. ಬೈಗುಳಕ್ಕಿಂತ ಆ ಹೊಗಳಿಕೆಗೇ ಹೆಚ್ಚು ಸಿಟ್ಟು ಬಂದಿತ್ತು. ಪ್ಲಾಟಿನ ಹೆಸರು ಅದರಲ್ಲೂ ಬರಲಿಲ್ಲ.

ಆ ಮದುವೆ ಮುಗಿಸಿ ಪಾಪಿನಾಯಕನಹಳ್ಳಿಗೆ ಅತ್ತೆಯನ್ನು ನೋಡಲು ಹೊರಟಾಗ ಬಸ್ಸಿನಲ್ಲಿ ಒಬ್ಬ ಹೆಂಗಸು ನನ್ನ ಪಕ್ಕಕ್ಕೆ ಬಂದು ಕುಳಿತಳು. ಪ್ಲಾಟಿನಲ್ಲಿ ಇವರ ಜಾಗಕ್ಕೆ ಸೇರಿದವನ ಹೆಂಡತಿ. ಗಂಡನಿಗೆ ಕೆಮ್ಮು, ನೀವು ಏನು ಅಡುಗೆ ಮಾಡಿ ಹಾಕುತ್ತಿದ್ದಿರಿ ಎಂದು ಕೇಳಿದಳು. ಬೆಳ್ಳುಳ್ಳಿ ಜಜ್ಜುವುದರಿಂದ ಹಿಡಿದು ನುಗ್ಗೆಸೊಪ್ಪಿನ ಪಲ್ಯದವರೆಗೆ ಎಲ್ಲ ಹೇಳಿದೆ. ಆಮೇಲೆ, “ಇದಕ್ಕಿಂತ ಮೊದಲ ಅವರನ್ನ ಅಲ್ಲಿಂದ ಬಿಡಸವ್ವ” ಅಂದೆ.

“ಬಿಡಿಸಿದ್ರ ಸೊಪ್ಪಾದ್ರೂ ಎಲ್ಲಿಂದ ತರಲಕ್ಕ?” ಅಂದಳು.

ನನಗೆ ತವರಿತ್ತು, ನೀರಿತ್ತು, ಗದ್ದೆಯಿತ್ತು. ಅವಳಿಗೆ ಏನಿತ್ತೋ ಕೇಳಲು ಧೈರ್ಯವಾಗಲಿಲ್ಲ. ಊರ ಸ್ಟಾಪಿನಲ್ಲಿ ಇಬ್ಬರೂ ಇಳಿದೆವು. ಲಾರಿಗಳ ಸಾಲು ಮುಗಿಯುವವರೆಗೂ ಬಾಯಿಗೆ ಸೆರಗು ಹಿಡಿದು ರಸ್ತೆ ಬದಿಗೆ ನಿಂತೇ ಇದ್ದೆವು.